ಚೆರ್ರಿ ಇಂಗ್ರಾಂ: ಕಾಣೆಯಾದ ಮರವೊಂದನ್ನು ತವರಿಗೆ ಕಳುಹಿಸಿದವರು

ಮನುಷ್ಯರ ಹೆಸರಿನೊಡನೆ ಊರಿನ ಹೆಸರು, ಮನೆತನದ ಹೆಸರು ಸೇರಿಕೊಳ್ಳುವುದು ನಮಗೆ ಹೊಸತಲ್ಲ. ಆದರೆ ಒಂದು ಮರದ ಹೆಸರೇ ಮನುಷ್ಯನ ಹೆಸರಾಗಿ ನಿಲ್ಲುವುದು ಅಪರೂಪ. ಇಂಗ್ಲೆಂಡಿನ ಕಾಲಿಂಗ್‌ವುಡ್ ಇಂಗ್ರಾಂ ಎಂಬವರನ್ನು ಲೋಕವು ಚೆರ್ರಿ ಇಂಗ್ರಾಂ ಎಂದೇ ಕರೆಯಿತು. 1880ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಇವರು ನೂರು ವರ್ಷ ತುಂಬಿದ ಜೀವನವನ್ನು ಕಂಡವರು. ಆ ಜೀವನದ ಬಹುಭಾಗವನ್ನು ತಮ್ಮದಲ್ಲದ ಒಂದು ದೇಶದ ಮರಗಳಿಗೆ ಮೀಸಲಿಟ್ಟವರು.

ಚೆರ್ರಿ ಎಂದರೆ ನಮಗೆ ನೆನಪಾಗುವುದು ಬೇಕರಿಯ ಕೇಕಿನ ಮೇಲೆ ಕೂರಿಸುವ ಕೆಂಪು ಹಣ್ಣು. ನಮ್ಮ ಕಡೆ ಹಾಗೆ ಮಾರುವುದು ಎಷ್ಟೋ ಸಲ ಚೆರ್ರಿಯೇ ಅಲ್ಲ, ಸಕ್ಕರೆ ಪಾಕದಲ್ಲಿ ಹಾಕಿ ಬಣ್ಣ ಕೊಟ್ಟ ಕರಂಡೆಕಾಯಿ. ಅದಿರಲಿ. ನಾವಿಲ್ಲಿ ಹೇಳಹೊರಟದ್ದು ಹಣ್ಣಿನ ಚೆರ್ರಿಯ ಕಥೆಯನ್ನಲ್ಲ, ಹೂವಿಗಾಗಿಯೇ ಬೆಳೆಸುವ ಜಪಾನಿನ ಚೆರ್ರಿಯ ಕಥೆಯನ್ನು. ಜಪಾನಿಯರು ಇದನ್ನು ಸಕುರಾ ಎನ್ನುತ್ತಾರೆ. ಚಳಿಗಾಲ ಕಳೆದು ಎಲೆ ಚಿಗುರುವ ಮೊದಲೇ, ಇಲ್ಲವೇ ಚಿಗುರಿನ ಜೊತೆಗೇ, ಮರ ತುಂಬ ಬಿಳಿ ಅಥವಾ ಗುಲಾಬಿ ಹೂ. ವಾರ ಹತ್ತು ದಿನಗಳಲ್ಲಿ ಎಲ್ಲವೂ ಉದುರಿ ನೆಲ ತುಂಬುತ್ತದೆ. ಆ ಕೆಲವು ದಿನಗಳಿಗಾಗಿ ಒಂದು ದೇಶವೇ ವರ್ಷವಿಡೀ ಕಾಯುತ್ತದೆ.

ಹಕ್ಕಿಯಿಂದ ಹೂವಿಗೆ

ಇಂಗ್ರಾಮರು ಸಿರಿವಂತರ ಮನೆಯ ಮಗ. ಅಜ್ಜ ಹರ್ಬರ್ಟ್ ಇಂಗ್ರಾಂ 1842ರಲ್ಲಿ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್ ಎಂಬ ಚಿತ್ರಪತ್ರಿಕೆಯನ್ನು ಪ್ರಾರಂಭಿಸಿ ಹಣ, ಹೆಸರು ಎರಡನ್ನೂ ಗಳಿಸಿದವರು. 1860ರಲ್ಲಿ ಅಮೆರಿಕದ ಮಿಷಿಗನ್ ಸರೋವರದಲ್ಲಿ ಹಡಗು ಮುಳುಗಿ ಅವರು ಹಿರಿಯ ಮಗನೊಡನೆ ಜಲಸಮಾಧಿಯಾದರು. ಬಳಿಕ ಪತ್ರಿಕೆಯನ್ನು ನಡೆಸಿದ ಸರ್ ವಿಲಿಯಂ ಇಂಗ್ರಾಂ ಅವರ ಪುತ್ರ ನಮ್ಮ ಕಥಾನಾಯಕ.

ಮನೆಯಲ್ಲಿ ಐಶ್ವರ್ಯವಿದ್ದರೂ ಹುಡುಗನ ಮೈಯಲ್ಲಿ ಆರೋಗ್ಯವಿರಲಿಲ್ಲ. ಆದುದರಿಂದ ಶಾಲೆಗೆ ಕಳುಹಿಸದೆ ಮನೆಯಲ್ಲೇ ಪಾಠ ಹೇಳಿಸಿದರು. ಕೆಂಟ್ ಪ್ರಾಂತದ ಕಡಲತೀರದ ವೆಸ್ಟ್‌ಗೇಟ್ ಎಂಬಲ್ಲಿ ಮನೆ. ಸುತ್ತಲೂ ಗದ್ದೆ, ಪೊದೆ, ಜೌಗು ನೆಲ. ಆ ಬಯಲೇ ಬಾಲಕನಿಗೆ ಶಾಲೆಯಾಯಿತು. ಹಕ್ಕಿಯ ಕೂಗನ್ನು ಕೇಳಿ ಅದರ ಹೆಸರು ಹೇಳುವುದು, ಗೂಡನ್ನು ಹುಡುಕುವುದು, ಕಂಡದ್ದನ್ನು ಚಿತ್ರ ಬರೆದಿಡುವುದು ಹೀಗೆ ಅಭ್ಯಾಸ ಬೆಳೆಯಿತು. ಪದವಿ, ಪ್ರಮಾಣಪತ್ರಗಳ ಹಂಗಿಲ್ಲದೆ ಬಂದ ಈ ವಿದ್ಯೆಯೇ ಮುಂದೆ ಅವರನ್ನು ಪಂಡಿತರ ಸಾಲಿನಲ್ಲಿ ಕೂರಿಸಿತು. ತರಗತಿಯಲ್ಲಿ ದಿನವೂ ಹಾಜರಿ ಹಾಕುವ ನಮ್ಮಂಥ ಮೇಷ್ಟ್ರುಗಳು ಇದನ್ನು ಆಗಾಗ ನೆನಪಿಸಿಕೊಳ್ಳುವುದು ಒಳ್ಳೆಯದು.

1902ರಲ್ಲಿ ಅವರು ಮೊದಲ ಬಾರಿಗೆ ಜಪಾನನ್ನು ನೋಡಿದರು. ಆ ದೇಶದ ಚೆಲುವು, ಜನರ ಕುಶಲತೆ ಮನಸ್ಸಿನಲ್ಲಿ ನಿಂತವು. 1907ರಲ್ಲಿ ಹಕ್ಕಿಗಳ ಅಧ್ಯಯನಕ್ಕೆಂದೇ ಮತ್ತೆ ಹೋದರು. ಮೊದಲ ಮಹಾಯುದ್ಧದಲ್ಲಿ ಅವರಿಗೆ ಸಿಕ್ಕಿದ್ದು ವಿಮಾನಪಡೆಯಲ್ಲಿ ದಿಕ್ಸೂಚಿಗಳನ್ನು ಸರಿಪಡಿಸುವ ಕೆಲಸ. ಅಲ್ಲಿಯೂ ಬಿಡುವಾದಾಗ ಫ್ರಾನ್ಸಿನ ಹಕ್ಕಿಗಳ ಚಿತ್ರ ಬರೆದರು. ಆಕಾಶದಿಂದ ಇಳಿದು ಬಂದ ವಿಮಾನ ಚಾಲಕರನ್ನು ಹಿಡಿದು, ಯಾವ ಹಕ್ಕಿ ಎಷ್ಟು ಎತ್ತರದಲ್ಲಿ ಹಾರುತ್ತಿತ್ತೆಂದು ವಿಚಾರಿಸಿ ದಿನಚರಿಯಲ್ಲಿ ಬರೆದಿಟ್ಟರು.

ಯುದ್ಧ ಮುಗಿದ ಮೇಲೆ, 1919ರಲ್ಲಿ, ಕೆಂಟ್‌ನ ಬೆನೆಂಡನ್ ಹಳ್ಳಿಯಲ್ಲಿ ದಿ ಗ್ರೇಂಜ್ ಎಂಬ ದೊಡ್ಡ ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ನೆಲೆಸಿದರು. ಹಕ್ಕಿಗಳ ಬಗ್ಗೆ ಹೊಸತಾಗಿ ಹೇಳುವುದು ಇನ್ನೇನಿದೆ ಎಂಬ ಬೇಸರ ಅವರನ್ನು ಆಗ ಕಾಡುತ್ತಿತ್ತು. ಹಿತ್ತಲಿನಲ್ಲಿ ಹಿಂದಿನವರು ನೆಟ್ಟ ಎರಡು ಜಪಾನಿ ಚೆರ್ರಿ ಮರಗಳಿದ್ದವು. 1920ರ ವಸಂತದಲ್ಲಿ ಅವೆರಡೂ ಹೂ ತುಂಬಿ ನಿಂತದ್ದನ್ನು ನೋಡಿ ಇಂಗ್ರಾಮರು ಬೆರಗಾದರು. ನಲವತ್ತರ ವಯಸ್ಸಿನಲ್ಲಿ ಅವರ ಬದುಕಿಗೆ ಎರಡನೆಯ ದಾರಿ ತೆರೆದುಕೊಂಡಿತು.

ಹೆಸರುಗಳ ಗೋಜಲು

ಕಂಡ ಕಂಡ ಸಸ್ಯಕ್ಷೇತ್ರಗಳಿಂದ, ಪರಿಚಿತರ ತೋಟಗಳಿಂದ, ಪರದೇಶಗಳಿಂದ ಚೆರ್ರಿಯ ಸಸಿಗಳನ್ನೂ ಕಸಿಕಡ್ಡಿಗಳನ್ನೂ ತರಿಸತೊಡಗಿದರು. ಕೆಲವೇ ವರ್ಷಗಳಲ್ಲಿ ನೂರಕ್ಕೂ ಮಿಕ್ಕಿದ ಬಗೆಗಳು ಅವರ ತೋಟದಲ್ಲಿ ಸೇರಿದವು. ತರಿಸಿದ್ದು ಸುಲಭ, ಗುರುತಿಸಿದ್ದು ಕಷ್ಟ. ಒಂದೇ ಮರಕ್ಕೆ ಮೂರು ಹೆಸರು, ಒಂದೇ ಹೆಸರಿನಲ್ಲಿ ಮೂರು ಮರ. ಈ ಗೋಜಲನ್ನು ಬಿಡಿಸಲು ಅವರು ಹೂವಿನ ಎಸಳು, ತೊಟ್ಟು, ಎಲೆಯಂಚಿನ ಹಲ್ಲು, ಚಿಗುರಿನ ಬಣ್ಣ ಎಲ್ಲವನ್ನೂ ಒಂದೊಂದಾಗಿ ನೋಡಿ ಟಿಪ್ಪಣಿ ಮಾಡಿದರು. 1925ರಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಪತ್ರಿಕೆಯಲ್ಲಿ ಜಪಾನಿನ ಚೆರ್ರಿಗಳ ಕುರಿತು ಅವರ ಲೇಖನ ಬಂತು.

ಈ ಗೋಜಲು ಏಕಾಯಿತೆಂದು ತಿಳಿಯಬೇಕಾದರೆ ಸ್ವಲ್ಪ ಸಸ್ಯಶಾಸ್ತ್ರವನ್ನು ನೋಡಬೇಕು. ಗುಲಾಬಿಯ ಕುಟುಂಬಕ್ಕೆ ಸೇರಿದ ಪ್ರೂನಸ್ ಎಂಬ ಕುಲದಲ್ಲಿ ಲಿನ್ನೇಯಸ್ 1753ರಲ್ಲಿ ಪ್ಲಮ್ ಮತ್ತು ಚೆರ್ರಿ ಎರಡನ್ನೂ ಇಟ್ಟ. ಚೆರ್ರಿಗಳನ್ನು ಬೇರೆ ಮಾಡಿ ಸೆರಾಸಸ್ ಎಂಬ ಕುಲವನ್ನಾಗಿಸಬೇಕು ಎನ್ನುವವರೂ ಇದ್ದಾರೆ. ಜಪಾನಿನ ವಿದ್ವಾಂಸರಲ್ಲಿ ಅನೇಕರು ಇಂದು ಹಾಗೆಯೇ ಬರೆಯುತ್ತಾರೆ. ಜಪಾನಿನ ಕಾಡುಗಳಲ್ಲಿ ತಾನಾಗಿ ಬೆಳೆಯುವ ಚೆರ್ರಿಯ ಪ್ರಭೇದಗಳು ಹತ್ತರ ಆಸುಪಾಸು ಮಾತ್ರ. ತೋಟದಲ್ಲಿ ಜನ ಬೆಳೆಸಿದ ಬಗೆಗಳಾದರೋ ನೂರಾರು. ಇವುಗಳಲ್ಲಿ ಬಹಳಷ್ಟನ್ನು ಸಾತೋಜಾಕುರಾ, ಅಂದರೆ ಊರಿನ ಚೆರ್ರಿ, ಎಂದು ಒಟ್ಟಾಗಿ ಕರೆಯುತ್ತಾರೆ. ಕಡಲ ನಡುವಣ ಇಜು ದ್ವೀಪಗಳ ಓಶಿಮಾ ಚೆರ್ರಿಯು ಬೆಟ್ಟದ ಚೆರ್ರಿಗಳೊಡನೆ ಕೂಡಿ ಹುಟ್ಟಿದ ಸಂಕರ ಸಂತಾನವೇ ಇವುಗಳಲ್ಲಿ ಹೆಚ್ಚು.

ಇಲ್ಲೊಂದು ತಮಾಷೆ ನಡೆಯಿತು. ಯುರೋಪಿನ ಸಸ್ಯಶಾಸ್ತ್ರಜ್ಞರ ಕೈಗೆ ಮೊದಲು ಸಿಕ್ಕಿದ್ದು ಕಾಡಿನ ಮರವಲ್ಲ, ತೋಟದ ಸುತ್ತುಹೂವಿನ ಮರ. ಅದಕ್ಕೆ 1830ರಲ್ಲಿ ಪ್ರೂನಸ್ ಸೆರುಲಾಟ ಎಂದು ಹೆಸರಿಟ್ಟರು. ಬಳಿಕ ಕಾಡಿನ ಮೂಲ ಮರವನ್ನು ಅದರ ಒಂದು ಉಪಬಗೆಯೆಂದು ಸೇರಿಸಬೇಕಾಗಿ ಬಂತು. ಮಗನ ಹೆಸರಿನಲ್ಲಿ ಅಪ್ಪನಿಗೆ ಕಾಗದ ಬರೆದ ಹಾಗೆ!

ಇನ್ನೊಂದು ವಿಷಯ. ತೋಟದ ಚೆರ್ರಿಯ ಬೀಜ ಬಿತ್ತಿದರೆ ತಾಯಿಯಂಥ ಮರ ಬರುವುದಿಲ್ಲ. ಮರ ತನ್ನದೇ ಪರಾಗದಿಂದ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಬೇರೆ ಮರದ ಪರಾಗ ಬೇಕು. ಆದ್ದರಿಂದ ಪ್ರತಿ ಬೀಜವೂ ಬೆರಕೆ. ಒಂದು ಬಗೆಯನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕಾದರೆ ಕಸಿ ಕಟ್ಟುವುದೇ ದಾರಿ. ಒಳ್ಳೆಯ ಜಾತಿಯ ಮಾವಿಗೆ ನಮ್ಮವರು ಮಾಡುವುದೂ ಇದನ್ನೇ. ಅಂದರೆ ಪ್ರತಿಯೊಂದು ತಲೆಮಾರಿನಲ್ಲೂ ಯಾರಾದರೊಬ್ಬರು ಚಾಕು ಹಿಡಿದು ಕಡ್ಡಿ ಕೊಯ್ದು ಕಸಿ ಕಟ್ಟುತ್ತಿರಬೇಕು. ಒಂದು ತಲೆಮಾರು ಕೈಬಿಟ್ಟರೆ ಆ ಬಗೆಯ ಕಥೆ ಮುಗಿಯಿತು. ಕಾಡಿನ ಮರವನ್ನು ಕಾಡು ಕಾಯುತ್ತದೆ. ಊರಿನ ಮರವನ್ನು ಊರವರೇ ಕಾಯಬೇಕು.

ಸಸೆಕ್ಸಿನ ಬಿಳಿ ಚೆರ್ರಿ

1923ರಲ್ಲಿ ಇಂಗ್ರಾಮರು ಸಸೆಕ್ಸ್ ಪ್ರಾಂತದ ವಿಂಚೆಲ್ಸಿ ಎಂಬಲ್ಲಿ ಒಬ್ಬ ಮಹಿಳೆಯ ತೋಟಕ್ಕೆ ಹೋದರು. ಅಲ್ಲಿ ಪೊದೆಗಳ ನಡುವೆ ಸಾಯುವ ಸ್ಥಿತಿಯಲ್ಲಿದ್ದ ಒಂದು ಚೆರ್ರಿ ಗಿಡ. ಉಳಿದಿದ್ದ ಕೆಲವೇ ರೆಂಬೆಗಳಲ್ಲಿ ಅಚ್ಚ ಬಿಳಿಯ ಒಂಟಿಸುತ್ತಿನ ಹೂಗಳು. ಒಂದೊಂದು ಹೂವಿನ ಅಗಲ ಸುಮಾರು 6 ಸೆಂಟಿಮೀಟರು. ಎಳೆ ಎಲೆಗಳಿಗೆ ತಾಮ್ರದ ಬಣ್ಣ. ಅಂಥ ಚೆರ್ರಿಯನ್ನು ಅವರು ಎಲ್ಲೂ ಕಂಡಿರಲಿಲ್ಲ. ವಿಚಾರಿಸಿದಾಗ, ಇಪ್ಪತ್ತು ವರ್ಷಗಳಿಗೂ ಹಿಂದೆ ಜಪಾನಿನಿಂದ ಫ್ರಾನ್ಸಿಗೆ ಬಂದ ಗಿಡಗಳೊಡನೆ ಅದು ಅಲ್ಲಿಗೆ ಸೇರಿತ್ತೆಂದು ತಿಳಿಯಿತು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಇಂಗ್ರಾಮರು ಅದರ ಕಡ್ಡಿಗಳನ್ನು ತಂದು ಬೆನೆಂಡನ್‌ನಲ್ಲಿ ಕಸಿ ಕಟ್ಟಿದರು. ಕಸಿ ಹಿಡಿಯಿತು. ಮೂಲ ಗಿಡ ಮುಂದೆ ಸತ್ತರೂ ವಂಶ ಉಳಿಯಿತು.

1926ರ ವಸಂತದಲ್ಲಿ ಅವರು ಮೂರನೆಯ ಬಾರಿ ಜಪಾನಿಗೆ ಹೋದರು. ಈ ಸಲ ಹಕ್ಕಿಗಾಗಿ ಅಲ್ಲ, ಚೆರ್ರಿಗಾಗಿ. ಕಂಡದ್ದು ಅವರಿಗೆ ಸಂತೋಷಕ್ಕಿಂತ ಹೆಚ್ಚು ಕಳವಳವನ್ನೇ ಉಂಟುಮಾಡಿತು. ಹಿಂದೆ ಎಡೋ ನಗರದಲ್ಲಿ ಸಾಮಂತ ಪ್ರಭುಗಳ ಮನೆ ತೋಟಗಳಲ್ಲಿ ನೂರಾರು ಬಗೆಯ ಚೆರ್ರಿಗಳಿದ್ದವು. 1868ರಲ್ಲಿ ಆಡಳಿತ ಬದಲಾಯಿತು. ಪ್ರಭುಗಳು ಹೋದರು, ತೋಟಗಳು ಪಾಳುಬಿದ್ದವು. ಟೋಕಿಯೋ ಎಂಬ ಹೊಸ ಹೆಸರಿನಲ್ಲಿ ಬೆಳೆದ ನಗರದಲ್ಲಿ ಎಲ್ಲೆಲ್ಲೂ ನೆಟ್ಟದ್ದು ಸೋಮೆಯ್‌ಯೋಶಿನೋ ಎಂಬ ಒಂದೇ ಬಗೆಯನ್ನು. ಅದೂ ಸಂಕರ ಮರವೇ, ಎಡೋಹಿಗಾನ್ ಚೆರ್ರಿಗೂ ಓಶಿಮಾ ಚೆರ್ರಿಗೂ ಹುಟ್ಟಿದ್ದು. 1901ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟಾಗ ಪ್ರತ್ಯೇಕ ಪ್ರಭೇದವೆಂದೇ ತಿಳಿದಿದ್ದರು. ಸಂಕರವಿರಬೇಕೆಂದು 1916ರಲ್ಲಿ ಸೂಚಿಸಿದವರು ಸಸ್ಯಾನ್ವೇಷಕ ಅರ್ನೆಸ್ಟ್ ವಿಲ್ಸನ್. ಬೇಗ ಬೆಳೆಯುತ್ತದೆ, ಬರಿಗೊಂಬೆಯಲ್ಲೇ ಹೂ ತುಂಬುತ್ತದೆ, ಅಗ್ಗಕ್ಕೆ ಸಿಗುತ್ತದೆ. ಎಲ್ಲವೂ ಒಂದೇ ಮರದ ಕಸಿಗಳಾದ್ದರಿಂದ ಒಂದೂರಿನ ಮರಗಳೆಲ್ಲ ಒಂದೇ ದಿನ ಅರಳಿ ಒಂದೇ ದಿನ ಉದುರುತ್ತವೆ. ನೋಟಕ್ಕೆ ಸೊಗಸು, ನಿಜ. ಆದರೆ ಅದರ ನೆರಳಿನಲ್ಲಿ ಹಳೆಯ ಬಗೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದವು.

ಟೋಕಿಯೋದಲ್ಲಿ ಇಂಗ್ರಾಮರು ಫುನಾತ್ಸು ಸೇಸಾಕು ಎಂಬ ವೃದ್ಧರನ್ನು ಕಂಡರು. ಅರಾಕಾವಾ ನದಿಯ ದಂಡೆಯಲ್ಲಿ 1886ರಲ್ಲಿ ನೆಟ್ಟ 78 ಬಗೆಯ ಚೆರ್ರಿಗಳನ್ನು ಮಕ್ಕಳಂತೆ ಕಾದವರು ಅವರು. ಅಮೆರಿಕದ ವಾಷಿಂಗ್ಟನ್ ನಗರಕ್ಕೆ 1912ರಲ್ಲಿ ಹೋದ ಪ್ರಸಿದ್ಧ ಚೆರ್ರಿಗಳಿಗೆ ಕಡ್ಡಿ ಕೊಟ್ಟದ್ದು ಅದೇ ದಂಡೆಯ ಮರಗಳು. ಫುನಾತ್ಸು ಅವರು ತಮ್ಮಲ್ಲಿದ್ದ ಹಳೆಯ ಚಿತ್ರಗಳನ್ನು ಅತಿಥಿಗೆ ತೋರಿಸಿದರು. ಅವುಗಳಲ್ಲಿ ಒಂದು ಅವರ ಮುತ್ತಜ್ಜ ಬರೆದದ್ದು, 100 ವರ್ಷಕ್ಕೂ ಹಿಂದಿನದು. ದೊಡ್ಡ ಬಿಳಿ ಹೂ, ತಾಮ್ರದ ಚಿಗುರು. ಆ ಮರಕ್ಕಾಗಿ ತಾವು ಎಷ್ಟೋ ಹುಡುಕಿದ್ದಾಗಿಯೂ ಈಗ ಅದು ದೇಶದಲ್ಲೇ ಇಲ್ಲವೆಂದೂ ವೃದ್ಧರು ನೊಂದು ಹೇಳಿದರು.

ಇಂಗ್ರಾಮರಿಗೆ ಕಂಡದ್ದು ತಮ್ಮ ಹಿತ್ತಲಿನ ಮರ! ಆ ಮರ ಇಂಗ್ಲೆಂಡಿನಲ್ಲಿ ಬೆಳೆಯುತ್ತಿದೆಯೆಂದು ಅವರು ತಿಳಿಸಿದಾಗ ವೃದ್ಧರಿಗೆ ನಂಬುವುದು ಕಷ್ಟವಾಯಿತು. ದೊಡ್ಡ ಬಿಳಿ ಎಂಬ ಅರ್ಥದ ತೈಹಾಕು ಎಂಬ ಹೆಸರು ಅದಕ್ಕೆ ಬಂದುದು ಆಮೇಲೆ.

ಬಟಾಟೆಯಲ್ಲಿ ಬಂದ ಕಡ್ಡಿ

ಮರವನ್ನು ಅದರ ತವರಿಗೆ ಮರಳಿಸಬೇಕೆಂದು ಇಂಗ್ರಾಮರು ಮನಸ್ಸು ಮಾಡಿದರು. ಹೇಳುವಷ್ಟು ಸುಲಭದ ಕೆಲಸ ಅದಲ್ಲ. ಅಂದು ವಿಮಾನದ ಟಪಾಲಿಲ್ಲ. ಹಡಗಿನ ಪ್ರಯಾಣ ವಾರಗಟ್ಟಲೆ, ಅದೂ ಬಿಸಿಲ ನಾಡುಗಳ ಕಡಲಿನ ಮೂಲಕ. ಕಳುಹಿಸಿದ ಕಸಿಕಡ್ಡಿಗಳು ಜಪಾನ್ ಮುಟ್ಟುವಷ್ಟರಲ್ಲಿ ಸತ್ತುಹೋದವು. ಮರುವರ್ಷ ಮತ್ತೆ ಪ್ರಯತ್ನ, ಮತ್ತೆ ವಿಫಲ. ಕಡೆಗೆ ಕಡ್ಡಿಯ ತುದಿಯನ್ನು ಬಟಾಟೆಗೆ ಚುಚ್ಚಿ, ತೇವ ಆರದಂತೆ ಮಾಡಿ, ಸೈಬೀರಿಯದ ತಂಪು ದಾರಿಯ ರೈಲಿನಲ್ಲಿ ಕಳುಹಿಸಿದರು. ಕ್ಯೋಟೋದಲ್ಲಿ ತಲೆಮಾರುಗಳಿಂದ ಚೆರ್ರಿಯನ್ನು ಕಾಯುವ ಸಾನೋ ಮನೆತನದವರು ಅದನ್ನು ಕಸಿ ಕಟ್ಟಿದರು. 1932ರಲ್ಲಿ ಕಸಿ ಹಿಡಿಯಿತು. ಕಾಣೆಯಾಗಿದೆ ಎಂದು ಬಲ್ಲವರೇ ಕೈಬಿಟ್ಟಿದ್ದ ಮರ ಜಪಾನಿನ ನೆಲದಲ್ಲಿ ಮತ್ತೆ ಚಿಗುರಿತು.

ಅದನ್ನು ನೋಡಲು ಫುನಾತ್ಸು ಅವರು ಇರಲಿಲ್ಲ. 1929ರಲ್ಲಿಯೇ ಅವರು ಕಾಲವಾಗಿದ್ದರು.

ಹೊಸ ಮರಗಳ ಸೃಷ್ಟಿ

ಇದ್ದುದನ್ನು ಉಳಿಸುವುದರ ಜೊತೆಗೆ ಇಂಗ್ರಾಮರು ಹೊಸ ಸಂಕರ ಮರಗಳನ್ನೂ ಉಂಟುಮಾಡಿದರು. ಫ್ಯೂಜಿ ಪರ್ವತದ ಸುತ್ತ ಬೆಳೆಯುವ ಪ್ರೂನಸ್ ಇನ್ಸೈಸ ಎಂಬ ಗಿಡ್ಡ ಚೆರ್ರಿ ಚಳಿಗೆ ಜಗ್ಗದು, ಆದರೆ ಹೂ ಚಿಕ್ಕದು, ಬಣ್ಣ ತೆಳು. ತೈವಾನಿನ ಕಡೆಯ ಪ್ರೂನಸ್ ಕಂಪಾನುಲಾಟಕ್ಕೆ ಗಂಟೆಯಾಕಾರದ ಕಡುಗೆಂಪು ಹೂ, ಆದರೆ ಇಂಗ್ಲೆಂಡಿನ ಚಳಿಯನ್ನು ಅದು ತಾಳದು. ಇದು ನಮ್ಮ ಹಿಮಾಲಯದ ಪದ್ಮಕ ಮರಕ್ಕೆ ಹತ್ತಿರದ ನೆಂಟ. ನವೆಂಬರಿನಲ್ಲಿ ಶಿಲ್ಲಾಂಗಿನಲ್ಲಿ ಗುಲಾಬಿ ಹೂ ಬಿಡುವುದು ಆ ಪದ್ಮಕವೇ. ಇನ್ಸೈಸ, ಕಂಪಾನುಲಾಟ ಎರಡರ ಗುಣವೂ ಒಂದೇ ಮರದಲ್ಲಿ ಬರಬಾರದೇಕೆ ಎಂದು ಇಂಗ್ರಾಮರು ಯೋಚಿಸಿದರು.

ಸಂಕರ ಮಾಡುವ ಕ್ರಮ ಹೀಗೆ. ತಾಯಿಯಾಗಬೇಕಾದ ಮರದ ಮೊಗ್ಗು ಬಿರಿಯುವ ಮೊದಲೇ ಕೇಸರಗಳನ್ನು ಕಿತ್ತು ತೆಗೆಯುತ್ತಾರೆ. ತಂದೆ ಮರದ ಪರಾಗವನ್ನು ತಂದು ಶಲಾಕಾಗ್ರಕ್ಕೆ ಸವರುತ್ತಾರೆ. ದುಂಬಿ ಬಂದು ಬೇರೆ ಪರಾಗ ಸೇರಿಸದಂತೆ ಮುಚ್ಚಿಡುತ್ತಾರೆ. ಎರಡೂ ಪ್ರಭೇದಗಳ ಜೀವಕೋಶಗಳಲ್ಲಿ ವರ್ಣತಂತುಗಳು 16 ಆದ್ದರಿಂದ ಕೂಡಿಕೆಗೆ ಅಡ್ಡಿಯಿಲ್ಲ. ಬಂದ ಬೀಜವನ್ನು ಬಿತ್ತಿ, ಸಸಿ ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ನಮ್ಮ ನೀಲೇಶ್ವರದಲ್ಲಿ 1932ರಲ್ಲಿ ಎತ್ತರದ ತೆಂಗು ಮತ್ತು ಗಿಡ್ಡ ತೆಂಗನ್ನು ಕೂಡಿಸಿ ಸಂಕರ ತೆಂಗನ್ನು ಪಡೆದದ್ದೂ ಇದೇ ತತ್ತ್ವದಿಂದ.

ಹಾಗೆ ಹುಟ್ಟಿದ್ದು ಓಕಾಮೆ ಎಂಬ ಚೆರ್ರಿ. ಚಳಿ ಕಳೆಯುವ ಮೊದಲೇ ಗುಲಾಬಿ ಹೂ ತುಂಬುವ ಈ ಮರ ಇಂದು ಇಂಗ್ಲೆಂಡು, ಅಮೆರಿಕಗಳ ಎಷ್ಟೋ ಊರುಗಳ ಬೀದಿಗಳಲ್ಲಿದೆ. ಫ್ಯೂಜಿ ಚೆರ್ರಿಗೂ ಓಶಿಮಾ ಚೆರ್ರಿಗೂ ಹುಟ್ಟಿದ ಬಿಳಿ ಹೂವಿನ ಉಮಿನೆಕೋ ಇನ್ನೊಂದು. ಅದರ ಹೆಸರಿನ ಅರ್ಥ ಕಡಲಹಕ್ಕಿ. ಹಕ್ಕಿಯ ನಂಟನ್ನು ಅವರು ಮರೆತಿರಲಿಲ್ಲವೆನ್ನಲು ಸಾಕ್ಷಿ.

ಮೂರನೆಯದರ ಕಥೆ ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಕುರೀಲ್ ಚೆರ್ರಿಯನ್ನು ಸಾರ್ಜೆಂಟ್ ಚೆರ್ರಿಯೊಡನೆ ಕೂಡಿಸಿದೆನೆಂದು ತಿಳಿದು, ಎರಡರ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಕುರ್ಸಾರ್ ಎಂದು ಹೆಸರಿಟ್ಟರು. ಬೆಳೆದು ಹೂ ಬಿಟ್ಟ ಮರದ ಲಕ್ಷಣ ಬೇರೆಯೇ ಹೇಳಿತು. ಪರಾಗ ಸಾರ್ಜೆಂಟಿನದಲ್ಲ, ಕಂಪಾನುಲಾಟದ್ದೆಂದು ಆಮೇಲೆ ಸ್ಪಷ್ಟವಾಯಿತು. ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡರು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಸಂಕರ ಮರದ ಕುಲಗೋತ್ರವನ್ನು ಹೆಸರು ಹೇಳುವುದಿಲ್ಲ, ಮರವೇ ಹೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಯುದ್ಧದ ಕರಿನೆರಳು

ಇಷ್ಟರಲ್ಲಿ ಜಪಾನು ಯುದ್ಧದ ಹಾದಿ ಹಿಡಿದಿತ್ತು. ಎಳೆಯ ಸೈನಿಕರು ಚೆರ್ರಿ ಎಸಳಿನಂತೆ ಉದುರಿಹೋಗುವುದೇ ಶ್ರೇಷ್ಠವೆಂಬ ಬೋಧನೆ ಅಲ್ಲಿ ಶಾಲೆ ಶಾಲೆಗಳಲ್ಲಿ ನಡೆಯಿತು. ಒಂದೇ ದಿನ ಅರಳಿ ಒಂದೇ ದಿನ ಉದುರುವ ಸೋಮೆಯ್‌ಯೋಶಿನೋ ಆ ಬೋಧನೆಗೆ ಹೇಳಿ ಮಾಡಿಸಿದಂತಿತ್ತು. ಹೂವಿನ ತಪ್ಪೇನು? ಆದರೆ ಒಂದೇ ಬಗೆಯನ್ನು ಮೆರೆಸುವ ಮನಸ್ಸು ತೋಟದಲ್ಲಿ ಹುಟ್ಟಿದರೆ ತೋಟದಲ್ಲೇ ನಿಲ್ಲುವುದಿಲ್ಲವೆಂದು ನಮಗೆ ತೋರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಅರುವತ್ತರ ಇಂಗ್ರಾಮರು ಬೆನೆಂಡನ್‌ನ ಊರ ಕಾವಲು ಪಡೆಯನ್ನು ನಡೆಸಿದರು. ಮುಂದೆ ಆ ಮನೆಗೆ ಸೊಸೆಯಾಗಿ ಬಂದವರು ದಾದಿಯಾಗಿ ಹಾಂಗ್‌ಕಾಂಗಿನಲ್ಲಿ ಜಪಾನಿಯರ ಸೆರೆಯಲ್ಲಿದ್ದು ನೋವುಂಡವರು. ಜಪಾನಿನದು ಯಾವುದನ್ನೂ ಅವರಿಗೆ ನೋಡಲಾಗುತ್ತಿರಲಿಲ್ಲ. ಮಾವನ ತೋಟದ ತುಂಬ ಜಪಾನಿನ ಮರಗಳು. ಎರಡೂ ಒಂದೇ ಮನೆಯಲ್ಲಿದ್ದವು. ಇಂಗ್ರಾಮರು ಮರಗಳನ್ನು ಕಡಿಯಲಿಲ್ಲ. ಸೊಸೆಯ ನೋವು ಸುಳ್ಳೂ ಆಗಿರಲಿಲ್ಲ. ಇಂಥ ಲೆಕ್ಕಗಳಿಗೆ ಉತ್ತರ ಹೊಂದಿಸುವುದು ಸುಲಭವಲ್ಲ.

ಅತ್ತ ಜಪಾನಿನಲ್ಲಿ ಫುನಾತ್ಸು ಅವರು ಕಾದಿದ್ದ ಅರಾಕಾವಾ ದಂಡೆಯ ಮರಗಳು ಯುದ್ಧಕಾಲದ ಕಷ್ಟದಲ್ಲಿ ಸೌದೆಯಾಗಿ ಹೋದವು. ಹಳೆಯ ಬಗೆಗಳಿಗಾಗಿ ಜಪಾನು ಒಂದು ದಿನ ಪರದೇಶದ ಕಡೆ ನೋಡಬೇಕಾದೀತು ಎಂದು ಇಂಗ್ರಾಮರು 1926ರಲ್ಲೇ ಅಲ್ಲಿನ ಚೆರ್ರಿ ಪ್ರಿಯರನ್ನು ಎಚ್ಚರಿಸಿದ್ದರು. ಅದೇ ಆಯಿತು. 1952ರಲ್ಲಿ, ಮತ್ತೆ 1981ರಲ್ಲಿ ವಾಷಿಂಗ್ಟನ್ನಿನ ಮರಗಳ ಕಡ್ಡಿಗಳನ್ನು ಜಪಾನಿಗೆ ತಂದು ಬೆಳೆಸಬೇಕಾಯಿತು.

ಕೊನೆಯ ವರ್ಷಗಳು

1948ರಲ್ಲಿ ಅಲಂಕಾರದ ಚೆರ್ರಿಗಳ ಕುರಿತ ಅವರ ಗ್ರಂಥ ಪ್ರಕಟವಾಯಿತು. ಒಂದೊಂದು ಬಗೆಯ ಲಕ್ಷಣ, ಮೂಲ, ಹೆಸರಿನ ಇತಿಹಾಸ, ಬೆಳೆಸುವ ರೀತಿ ಎಲ್ಲವನ್ನೂ ವಿಂಗಡಿಸಿ ಬರೆದ ಈ ಪುಸ್ತಕ ಬಹುಕಾಲ ತೋಟಗಾರರಿಗೆ ಆಧಾರವಾಯಿತು. 1952ರಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯು ತನ್ನ ಅತ್ಯುಚ್ಚ ಗೌರವಗಳಲ್ಲೊಂದಾದ ವಿಕ್ಟೋರಿಯಾ ಪದಕವನ್ನು ಅವರಿಗೆ ನೀಡಿತು. ಬಾನಕ್ಕಿಯ ವಲಸೆಯ ಬಗ್ಗೆ 1974ರಲ್ಲಿ ಪುಸ್ತಕ ಬರೆದಾಗ ವಯಸ್ಸು ತೊಂಬತ್ತು ದಾಟಿತ್ತು. 1981ರ ಮೇ 19ರಂದು ಅವರು ತೀರಿಕೊಂಡರು.

ಅವರು ಬಿಟ್ಟುಹೋದದ್ದು ಹೀಗಿದೆ. ಇಂಗ್ಲೆಂಡಿನ ಉತ್ತರದಲ್ಲಿ ಆನಿಕ್ ಎಂಬಲ್ಲಿ 300ಕ್ಕೂ ಹೆಚ್ಚು ತೈಹಾಕು ಮರಗಳ ಒಂದು ತೋಪು ಈ ಶತಮಾನದಲ್ಲಿ ಎದ್ದಿದೆ. ಏಪ್ರಿಲ್ ಕೊನೆಯಲ್ಲಿ ಅದು ಹೂ ಬಿಟ್ಟಾಗ ಜನ ದೂರದೂರದಿಂದ ನೋಡಲು ಬರುತ್ತಾರೆ. ಅಷ್ಟು ಮರಗಳಿಗೂ ಮೂಲ, ವಿಂಚೆಲ್ಸಿಯ ಪೊದೆಯಲ್ಲಿ ಸಾಯುತ್ತಿದ್ದ ಆ ಒಂದು ಗಿಡದ ಒಂದೆರಡು ಕಡ್ಡಿ. ಆ ದಿನ ಅತ್ತ ಹೋದವರು ಹೂವನ್ನು ಹೊಗಳಿ ಮನೆಗೆ ಮರಳಿದ್ದರೆ ಇದಾವುದೂ ಇರುತ್ತಿರಲಿಲ್ಲ.

ಒಂದು ಬಗೆಯ ಮರ ಹುಟ್ಟಿದ ಊರಿನಲ್ಲೇ ಉಳಿಯುತ್ತದೆ ಎಂಬ ಭರವಸೆ ಇಲ್ಲ. ದೂರ ಹೋಯಿತೆಂದ ಮಾತ್ರಕ್ಕೆ ಅಳಿಯಬೇಕೆಂಬ ನಿಯಮವೂ ಇಲ್ಲ. ಕಸಿ ಕಟ್ಟುವ ಕೈ ಎಲ್ಲಿದೆಯೋ ಅಲ್ಲಿ ಅದು ಉಳಿಯುತ್ತದೆ. ನಮ್ಮ ನಮ್ಮ ಹಿತ್ತಲಲ್ಲೂ ಅಜ್ಜಂದಿರ ಕಾಲದ ಒಂದೆರಡು ಮಾವು ಹಲಸು ಇದ್ದಾವು, ಹೆಸರು ಹಿರಿಯರಿಗೆ ಮಾತ್ರ ಗೊತ್ತಿದ್ದೀತು. ಈ ಮಳೆಗಾಲದಲ್ಲಿ ಅವರನ್ನು ಕೇಳಿ ಹೆಸರು ಬರೆದಿಟ್ಟುಕೊಂಡು, ಮಕ್ಕಳ ಕೈಯಿಂದಲೇ ಒಂದು ಕಸಿ ಕಟ್ಟಿಸಿದರೆ ಚೆರ್ರಿ ಇಂಗ್ರಾಮರನ್ನು ನೆನೆದಂತಾದೀತು.